ಸೀಮೆಸುಣ್ಣದ ಪಾದಗಳು

ಪ್ಯಾರಿಸ್, ಫೆಬ್ರವರಿ ೧೯೦೮

ಅಕ್ಕಾ,

ಈ ಕಾರ್ಡಿನ ಮೇಲಿನ ಚಿತ್ರದಲ್ಲಿರುವುದೇ ನಾನಿರುವ ಮನೆ. ಯಾರೋ ಡ್ಯೂಕ್ ಕಟ್ಟಿಸಿದ್ದು. ಆ ಮನೆತನ ದಿವಾಳಿಯಾದ ಮೇಲೆ ಸನ್ಯಾಸಿನಿಯರು ಇಲ್ಲಿ ಶಾಲೆ ನಡೆಸಿದರು. ಈಗ ನಮ್ಮಂಥ ಚಿತ್ರಗಾರರಿಗೆ ಕೋಣೆ ಕೋಣೆಯಾಗಿ ಬಾಡಿಗೆಗೆ ಬಿಟ್ಟಿದ್ದಾರೆ. ಹಿಂದೆ ನೃತ್ಯಕೂಟ ನಡೆಯುತ್ತಿದ್ದ ಹಜಾರದಲ್ಲಿ ನಾವು ಚಿತ್ರ ಬರೆಯುತ್ತೇವೆ.

ಅಲ್ಲಿಗೆ ಮಾಡೆಲ್ ಆಗಿ ಎರ್ಮಾನ್ಸ್ ಎಂಬ ಅಜ್ಜಿ ಬರುತ್ತಿದ್ದರು. ಬೆಳಕು ಚೆನ್ನಾಗಿ ಬೀಳಲೆಂದು ಅವರನ್ನು ಉತ್ತರದ ಕಿಟಕಿಯ ಬಳಿ ನಿಲ್ಲಿಸಿದ್ದೆವು. ವಿರಾಮದ ನಂತರ ಸರಿಯಾಗಿ ಅಲ್ಲೇ ಬಂದು ನಿಲ್ಲಲೆಂದು ಪಾದಗಳ ಸುತ್ತ ಸೀಮೆಸುಣ್ಣದ ಗೆರೆ ಎಳೆದಿದ್ದೆವು.

ಕಳೆದ ವಾರ ನಮ್ಮ ಜೊತೆ ಚಿತ್ರ ಬರೆಯುವ ಲೂಸಿಯಾನ್ ಅವರನ್ನು ರೇಗಿಸಿದ: "ಅಜ್ಜೀ, ಹಂಗೆ ಮುದುರ್ಕೋಬೇಡ. ಗತ್ತಾಗಿ ನಿಂತ್ಕೋ, ಈ ಮನೆ ಯಜಮಾನಿ ಥರ!"

"ಯಜಮಾನಿ ಈ ಕಿಟಕಿ ಹತ್ರ ಸುಳೀತಾನೇ ಇರ್ಲಿಲ್ಲ ಕಣಪ್ಪಾ. ಇಲ್ಲಿ ಚಳಿಗಾಳಿ ನುಗ್ಗುತ್ತೆ ಅಂತ ಅಮ್ಮ ಯಾವಾಗ್ಲೂ ಬೆಂಕಿ ಮುಂದೇನೇ ಕೂತಿರೋಳು."

ಅಜ್ಜಿ ತಮಾಷೆ ಮಾಡುತ್ತಿದ್ದಾರೆಂದು ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. ಅವರೂ ನಕ್ಕು, ಗೆರೆಯೊಳಗೆ ಪಾದವಿಟ್ಟು ನೆಟ್ಟಗೆ ನಿಂತರು.

ಭಾನುವಾರ ಅಜ್ಜಿ ನ್ಯುಮೋನಿಯಾದಿಂದ ತೀರಿಕೊಂಡರು. ಸುದ್ದಿ ತಂದವಳು ಬಾಗಿಲು ಕಾಯುವ ಮದಾಮ್ ಫುಕಾರ್. "ಆ ಡ್ಯೂಕ್ ವಂಶದ ಕೊನೇ ಮಗಳು ಕಣ್ರೋ ಅವರು. ಹುಟ್ಟಿದ್ದೇ ಈ ಮನೇಲಿ. ನಿಮ್ಗೆ ಹೇಳ್ಬೇಡ ಅಂತ ನನ್ ಕೈಲಿ ಆಣೆ ಮಾಡಿಸ್ಕೊಂಡಿದ್ರು" ಎಂದಳು.

ನನ್ನ ಕೆಮ್ಮು ವಾಸಿಯಾಗಿದೆ ಎಂದು ಅಮ್ಮನಿಗೆ ಹೇಳು. ಉಣ್ಣೆಯ ಕಾಲುಚೀಲ ಸಿಕ್ಕಿತು.

ನೆಲದ ಗೆರೆಯನ್ನು ಯಾರೂ ಒರೆಸಿಲ್ಲ. ಇವತ್ತು ಬೆಳಿಗ್ಗೆ ಲೂಸಿಯಾನ್ ಇದ್ದಿಲ ಒಲೆಯನ್ನು ದರದರ ಎಳೆದು ತಂದು, ಆ ಖಾಲಿ ಪಾದಗಳ ಪಕ್ಕ ಇಟ್ಟ.

ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ತಮ್ಮ,
ಗುಲ್ವೆನ್