ನೀರಿನ ಗಂಟೆಗೂ ರಿಬ್ಬನ್ನಿಗೂ ನಡುವೆ ಸಿಕ್ಕ ಮಕ್ಕಳು

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಮ್ಮೂರ ಶಾಲೆಯ ಹೊಸ ಶೌಚಾಲಯ ಮೂರು ತಿಂಗಳಿಂದ ತಮ್ಮ ದಾರಿ ಕಾಯುತ್ತಿದೆ. ಗೋಡೆಗೆ ಬಣ್ಣವಿದೆ, ನಲ್ಲಿಯಲ್ಲಿ ನೀರಿದೆ, ಬಾಗಿಲಿಗೆ ಕೆಂಪು ರಿಬ್ಬನ್ನೂ ಅದರ ಹಿಂದೆ ಬೀಗವೂ ಇವೆ. ಉದ್ಘಾಟನೆಗೆ ತಮಗೆ ಬಿಡುವಾಗಿಲ್ಲವಂತೆ. ಹಳೆಯದನ್ನು ಕೆಡವಿಯಾಗಿದೆ. ಇಷ್ಟರಲ್ಲಿ ಕಳೆದ ತಿಂಗಳು ತಮ್ಮ ಸುತ್ತೋಲೆ ಬಂತು: ಮಕ್ಕಳ ಆರೋಗ್ಯಕ್ಕಾಗಿ ದಿನಕ್ಕೆ ಮೂರು ಬಾರಿ ನೀರಿನ ಗಂಟೆ ಬಾರಿಸತಕ್ಕದ್ದು, ಪ್ರತಿ ಮಗುವೂ ಒಂದು ಲೋಟ ನೀರು ಕುಡಿಯತಕ್ಕದ್ದು. ಬಹಳ ಸಂತೋಷ. ಕುಡಿದ ನೀರು ಎಲ್ಲಿಗೆ ಹೋಗಬೇಕು ಸ್ವಾಮಿ? ಅದಕ್ಕೆ ಬೇರೆ ಸುತ್ತೋಲೆ ಬರುವವರೆಗೆ ತಡೆದುಕೊಳ್ಳಬೇಕೆ?

ಸದ್ಯಕ್ಕೆ ಅದು ನಮ್ಮ ಮನೆಗೆ ಬರುತ್ತಿದೆ. ಶಾಲೆಯ ಎದುರು ನನ್ನ ಹೊಲಿಗೆ ಅಂಗಡಿ, ಹಿಂದೆಯೇ ಮನೆ. ಗಂಟೆ ಬಾರಿಸಿದ ಸ್ವಲ್ಪ ಹೊತ್ತಿಗೆ ಹೊಲಿಗೆ ಯಂತ್ರದಿಂದ ಹಿತ್ತಲ ಕಕ್ಕಸಿನವರೆಗೆ ಮಕ್ಕಳ ಸಾಲು! ನಮ್ಮತ್ತೆ ಕುರ್ಚಿ ಹಾಕಿಕೊಂಡು ಸಾಲು ಕಾಯುತ್ತಾರೆ.

"ತಳ್ಳಬೇಡ್ರೋ! ಚಿಕ್ಕವರು ಮುಂದೆ ಬನ್ನಿ. ನೀನ್ಯಾಕೋ ಹಂಗೆ ಕುಣೀತಿದ್ದೀಯ? ಅಯ್ಯೋ ಪುಣ್ಯಾತ್ಮ, ಮೊದಲು ನೀನೇ ಹೋಗು!"

ಮಂಡಿನೋವೆಂದು ನರಳುತ್ತಿದ್ದವರ ಮುಖದಲ್ಲಿ ಈಗ ಕಳೆ ಬಂದಿದೆ. 'ಶಾಲೆ, ಕುಟುಂಬ, ಸಮುದಾಯ ಕೈಜೋಡಿಸಲಿ' ಎಂದು ಬರೆದಿದ್ದಿರಲ್ಲ, ಜೋಡಿಸಿದ್ದೇವೆ. ಶಾಲೆ ಗಂಟೆ ಬಾರಿಸುತ್ತದೆ, ಕುಟುಂಬ ಬಾಟಲಿ ತುಂಬಿಸುತ್ತದೆ, ಮಿಕ್ಕಿದ್ದನ್ನು ಸಮುದಾಯ ನೋಡಿಕೊಳ್ಳುತ್ತದೆ.

ಆದರೆ ದೊಡ್ಡ ಹುಡುಗಿಯರು ಹುಡುಗರ ಜೊತೆ ಈ ಸಾಲಿನಲ್ಲಿ ನಿಲ್ಲಲು ನಾಚಿ, ನೀರನ್ನೇ ಬಿಟ್ಟರು. ಏಳನೇ ತರಗತಿಯ ನನ್ನ ಮಗಳೂ ಬಿಟ್ಟಳು. "ನಿನ್ನ ಮನೆಗೆ ನೀನು ಬರೋಕೆ ಏನೇ ಕಷ್ಟ?" ಎಂದರೆ, "ನಾನೊಬ್ಳೇ ಸಾಲು ಬಿಟ್ಟು ಒಳಗೆ ನುಗ್ಗಿದ್ರೆ ಫ್ರೆಂಡ್ಸ್ ಏನಂದ್ಕೋತಾರಮ್ಮ?" ಎಂದಳು. ಗಂಟೆ ಬಾರಿಸಿದೊಡನೆ ಈ ಹುಡುಗಿಯರೆಲ್ಲ ಕಿಟಕಿಯಿಂದ ಕೈಹಾಕಿ ಬಾಟಲಿಯ ನೀರನ್ನು ಗಿಡಗಳಿಗೆ ಸುರಿಯುತ್ತಿದ್ದರಂತೆ. ಗಿಡಗಳು ಸೊಂಪಾಗಿ ಬೆಳೆದಿವೆ. ನನ್ನ ಮಗಳು ಉರಿಮೂತ್ರ, ಜ್ವರ ಅಂತ ಐದು ದಿನ ಮಲಗಿದಳು. ಶಾಲೆಯ ನೀರಿನ ರಿಜಿಸ್ಟರಿನಲ್ಲಿ ಮಾತ್ರ ಅವಳು ದಿನಾ ಮೂರು ಲೋಟ ಕುಡಿದಿದ್ದಾಳೆ.

ಬೀಗ ತೆಗೆಯಿರಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿದೆ. "ಸಾಹೇಬ್ರು ಬಂದು ರಿಬ್ಬನ್ ಕತ್ತರಿಸದೆ ತೆಗೆದ್ರೆ ನನ್ನ ಕಥೆ ಮುಗೀತು ತಾಯಿ" ಎಂದು ಕೈಮುಗಿದರು. ಪಾಪ, ಅವರೂ ನಮ್ಮ ಹಿತ್ತಲ ಸಾಲಿನಲ್ಲಿ ನಿಲ್ಲುವವರೇ.

ಆದ್ದರಿಂದ ಸೋಮವಾರ ದಯಮಾಡಿಸಿ. ಬಾರದಿದ್ದರೆ ಎರಡನೇ ನೀರಿನ ಗಂಟೆಗೆ ಹೆತ್ತವರೆಲ್ಲ ಸೇರಿ ಬೀಗ ತೆಗೆಸುತ್ತೇವೆ. ಆ ಹೊತ್ತಿಗೆ ಯಾವ ಮಗುವಿಗೆ ಹೆಚ್ಚು ಅವಸರವೋ ಅದೇ ಮುಖ್ಯ ಅತಿಥಿ. ಭಾಷಣ ಇರುವುದಿಲ್ಲ.

ಇಂತಿ,
ತಮ್ಮ ಇಲಾಖೆಯ ಸಂಬಳವಿಲ್ಲದ ಸಿಬ್ಬಂದಿ,
ಶಾಲೆಯ ಎದುರು ಮನೆಯ ಅತ್ತೆ-ಸೊಸೆ