ಮೊದಲ ಸಲಕ್ಕೆ ಸರಿಯಾದ ಕಾರು

ಸಿದ್ದರಾಜು,

ನೀನು ತೀರಿಕೊಂಡು ಎರಡು ವರ್ಷವಾದ ಮೇಲೆ, ಇವತ್ತು ಮದ್ದೂರಿಗೆ ಹೋಗಿ ಮಣ್ಣಿನ ರೇಸಿನ ಹಳೇ ಕಾರೊಂದನ್ನು ನೋಡಿ ಬಂದೆ. ಇಂಜಿನ್ ಚಿಕ್ಕದು. ಓಡಿಸುವವನ ಸುತ್ತ ಕಬ್ಬಿಣದ ಪೈಪಿನ ಪಂಜರ ಕೂರಿಸಿದ್ದಾರೆ. ಅದರ ಒಂದೊಂದು ವೆಲ್ಡಿಂಗಿನ ಮೇಲೂ ಬೆರಳಾಡಿಸಿದೆ, ಸೀಟಿನ ಬೆಲ್ಟು ಜಗ್ಗಿ ನೋಡಿದೆ.

ಗ್ಯಾರೇಜಿನ ಬೋರಣ್ಣ ನಕ್ಕ. "ಎಲ್ರೂ ಮೊದ್ಲು ಓಡ್ಸಿ ತೋರ್ಸು ಅಂತಾರೆ. ನೀನೇನ್ಲಾ, ಪಂಜರನೇ ತಡಕ್ತಾ ಇದ್ದೀಯ?"

ಆವತ್ತು ನಿನಗೆ ಕಾರು ಕೊಳ್ಳುವಾಗ ನಾನು ಅಂದದ್ದೂ ಓಡ್ಸಿ ತೋರ್ಸು ಅಂತಲೇ. ಎತ್ತು ಕೊಳ್ಳುವವರ ಹಾಗೆ, ಕೊಯ್ಲಾದ ಗದ್ದೆಯಲ್ಲಿ ಓಡಿಸಿ, ಓಟವೊಂದನ್ನೇ ನೋಡಿ ದೊಡ್ಡ ಇಂಜಿನ್ನಿನ ಕಾರು ಆರಿಸಿದೆ. ಪಂಜರವನ್ನು ಮುಟ್ಟಿಯೂ ನೋಡಲಿಲ್ಲ. "ಚಿಕ್ಕದೇ ಸಾಕು ಬುಡ್ಲಾ, ಇನ್ನೂ ಕಲೀಬೇಕಲ್ಲ" ಅಂದಿದ್ದೆ ನೀನು. ಮಳವಳ್ಳಿಯ ಕಡೆ ನಡೆದ ನಿನ್ನ ಮೊದಲ ರೇಸಿನಲ್ಲೇ ಕಾರು ಮಗುಚಿಕೊಂಡಿತು, ಪಂಜರ ತಡೆಯಲಿಲ್ಲ.

"ಒಸಬ್ರಿಗೆ ಇದೇ ಸರಿ," ಅಂದ ಬೋರಣ್ಣ. "ಓಡ್ಸೋರು ಯಾರು?"

ನಿನ್ನ ಹೆಸರು ಹೇಳಿದೆ.

ಸೀಟನ್ನು ಓಡಿಸುವವನ ಮೈಗೆ ತಕ್ಕಂತೆ ಕೂರಿಸಬೇಕಂತೆ. "ನಾಳೆ ಅವ್ನನ್ನೇ ಕರ್ಕೊಂಡ್ ಬಾ, ಅಳತೆ ತಕ್ಕೊಳಾನ" ಅಂದ.

ಆಯ್ತಣ್ಣ ಅಂದು ಬಸ್ಸು ಹತ್ತಿದೆ.