ಹಳದಿ ಚುಕ್ಕೆಯ ಹನ್ನೊಂದು ರಾಣಿಯರು

ಜೇನು ತಳಿ ಕೇಂದ್ರ, ಹಿಂದಿನ ಕೋಣೆ
ಹನ್ನೊಂದನೇ ತಾರೀಕು, ಮಂಗಳವಾರ

ಚಿಕ್ಕೀ,

ಅಕ್ಕನ ಅಕ್ಷರ ಅಂತ ಗೊತ್ತಾದ ಕೂಡಲೇ ಹರಿದು ಹಾಕಬೇಡ ಕಣೇ. ಮೊದಲು ಓದು, ಆಮೇಲೆ ಬೇಕಾದರೆ ಒಲೆಗೆ ಹಾಕು. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ. ಬರೆಯುತ್ತಿರುವುದು ಕೆಲಸದ ವಿಷಯಕ್ಕೆ, ಬೇರೆ ಏನಿಲ್ಲ.

ನಿನ್ನ ಹಳದಿ ಚುಕ್ಕೆಯ ರಾಣಿಯರಿಗೆ ಕುತ್ತು ಬಂದಿದೆ. ಒಂದೇ ತಾಯಿಯ ಮರಿಗಳನ್ನು ಬೆಳೆಸಿ, ಬೆನ್ನಿಗೆ ಬಣ್ಣ ಇಟ್ಟು, ಹನ್ನೊಂದು ಪೆಟ್ಟಿಗೆಗೆ ಬಿಟ್ಟೆಯಲ್ಲ, ಅವರಿಗೇ. ನೀನಿದ್ದಾಗ ಆ ಪೆಟ್ಟಿಗೆಗಳ ಸಾಧುತನಕ್ಕೆ ಐದಕ್ಕೆ ನಾಲ್ಕು, ನಾಲ್ಕೂವರೆ ಬರುತ್ತಿತ್ತು. ನೀನು ಹೋದ ಮೇಲೆ ಎರಡು ವರ್ಷ ನಾನೇ ಮುಚ್ಚಳ ತೆರೆದು ಅಂಕ ಹಾಕಿದೆ. ಒಂದೂ ಎರಡು ದಾಟಲಿಲ್ಲ. ಇಪ್ಪತ್ತೈದಕ್ಕೆ ಮೇಲಿನವರ ಸಭೆ ಇದೆ. ಸಿಡುಕು ವಂಶ, ತಳಿಗೆ ಬೇಡ, ರಾಣಿಯರನ್ನು ತೆಗೆದುಬಿಡಿ ಅಂತಾರೆ. ತೆಗೆಯೋದು ಅಂದರೇನು ಅಂತ ನಿನಗೆ ಗೊತ್ತು, ಹೆಬ್ಬೆರಳು ತೋರುಬೆರಳಿನ ನಡುವೆ ಹೊಸಕೋ ಕೆಲಸ.

ಸಾಧುತನದಲ್ಲಿ ವಂಶದ ಪಾಲೆಷ್ಟು, ಬಿಸಿಲು ಗಾಳಿ ಹೂವಿನ ಪಾಲೆಷ್ಟು ಅಂತ ಬಿಡಿಸಿ ನೋಡುತ್ತೇವಲ್ಲ, ಆ ಲೆಕ್ಕಾನೂ ಮಾಡಿದೆ. ನಿನ್ನ ಕಾಲದಲ್ಲಿ ಮೂರನೇ ಒಂದು ಪಾಲು ವಂಶದ್ದು ಅಂತ ಬರುತ್ತಿತ್ತು. ಈಗ ಹೆಚ್ಚುಕಮ್ಮಿ ಸೊನ್ನೆ. ಲೆಕ್ಕದ ಮೇಷ್ಟ್ರಿಗೆ ಫೋನ್ ಮಾಡಿ ಹುಳಗಳು ಕೆಟ್ಟುಹೋಗಿವೆ ಅಂತ ಗೋಳಾಡಿದೆ. ಅವರು ಸಮಾಧಾನವಾಗಿ ಒಂದೇ ಮಾತು ಕೇಳಿದರು, ಅಂಕ ಕೊಟ್ಟವರು ಯಾರು ಅಂತ.

ನಮ್ಮ ಪುಸ್ತಕದಲ್ಲಿ ಆ ಕಾಲಂ ಖಾಲಿ. ಇರೋದೇ ಇಬ್ಬರು, ಅದನ್ನೇನು ಬರೆಯೋದು ಅಂತ ಬಿಡಿಸಿದವಳು ನಾನೇ. ಹಾಗಾಗಿ ಮೂರು ದಿನ ಕೂತು ಹಳೇ ಪುಟಗಳಲ್ಲಿ ನಿನ್ನ ಅಕ್ಷರ ಯಾವುದು, ನನ್ನದು ಯಾವುದು ಅಂತ ಆರಿಸಿದೆ. ನೀನು ಬರೆಯೋ ಐದರ ಅಂಕಿಗೆ ಟೋಪಿ ಇರುತ್ತೆ. ಅಂಚಿನಲ್ಲಿ ಒಂದು ಕಡೆ, ಅಕ್ಕ ಇವತ್ತು ಮೂರು ಸಲ ಬೈದಳು, ಹುಳ ಒಂದು ಸಲವೂ ಕುಟುಕಲಿಲ್ಲ ಅಂತ ಬರೆದಿದ್ದೀಯ. ಎಲಾ ಇವಳ! ಒಬ್ಬಳೇ ಕೂತು ನಕ್ಕೆ. ಆಮೇಲೆ ಅಳುವೂ ಬಂತು, ಮುಚ್ಚಿಡೋದೇನು.

ನಿನಗೆ ಜ್ವರ ಬಂದಿತ್ತಲ್ಲ, ಆ ಹದಿನೈದು ದಿನ ನಾನು ಅಂಕ ಹಾಕಿದ್ದೆ. ಆಗಲೂ ಅದೇ ಪೆಟ್ಟಿಗೆಗಳಿಗೆ ಎರಡು. ನೀನು ಎದ್ದು ಬಂದ ಮಾರನೇ ದಿನ ಮತ್ತೆ ನಾಲ್ಕು. ಹುಳಗಳದ್ದೇನೂ ತಪ್ಪಿಲ್ಲ ಚಿಕ್ಕಿ. ನಾನು ಮುಚ್ಚಳವನ್ನು ದಬಕ್ಕಂತ ಎತ್ತುತ್ತೇನೆ, ಚೌಕಟ್ಟು ಕುಕ್ಕುತ್ತೇನೆ, ಹೊಗೆ ಮೂಗಿಗೇ ಬಿಡುತ್ತೇನೆ. ಯಾರಿಗೆ ತಾನೇ ಸಿಟ್ಟು ಬರಲ್ಲ? ಮೊನ್ನೆ ಏಳನೇ ಪೆಟ್ಟಿಗೆಯನ್ನು ನಿನ್ನ ಹಾಗೆ ಉಸಿರು ಹಿಡಿದು ತೆರೆದೆ. ಅರ್ಧ ಗಂಟೆ ಸುಮ್ಮನಿದ್ದವು. ಕೊನೆಗೆ ಒಂದು ಕುಟುಕಿತು, ಅದು ಹಳೇ ಬಾಕಿ ಇರಬೇಕು.

ಅವತ್ತು ಅಷ್ಟು ಜನರ ಎದುರು, ನಿನಗೆ ಎಲ್ಲರೂ ಒಳ್ಳೆಯವರೇ, ನಿನ್ನ ಅಂಕಕ್ಕೆ ಮೂರು ಕಾಸಿನ ಬೆಲೆ ಇಲ್ಲ ಅಂದುಬಿಟ್ಟೆ. ನೀನು ಕೈಗವಸು ಕಳಚಿ ಮೇಜಿನ ಮೇಲಿಟ್ಟು ಹೋದೆ. ಸಂಜೆಗೆ ಬರುತ್ತಾಳೆ ಬಿಡು ಅಂತ ಇಬ್ಬರಿಗಾಗುವಷ್ಟು ಅಡುಗೆ ಮಾಡಿದ್ದೆ. ಈಗ ಒಬ್ಬಳಿಗೆ ಬೇಯಿಸೋ ಅಳತೆ ಸರಿಯಾಗಿ ಬಂದಿದೆ. ಆದರೆ ಪೆಟ್ಟಿಗೆಗಳ ಜೊತೆ ಗುದ್ದಾಡಿ ಮನೆಗೆ ಬಂದರೆ ಇಲ್ಲಿ ಜಗಳ ಆಡೋಕೂ ಒಂದು ಪಿಳ್ಳೆ ಇಲ್ಲ. ತುಂಬಾ ಬೇಜಾರಾಗುತ್ತೆ ಕಣೇ. ತಪ್ಪು ನನ್ನದು.

ಅದಕ್ಕೇ ಕೇಳುತ್ತಿದ್ದೇನೆ, ಇಪ್ಪತ್ತೈದರ ಒಳಗೆ ಒಂದು ದಿನ ಬಾ. ಅದೇ ದಿನ, ಅದೇ ಪೆಟ್ಟಿಗೆಗಳಿಗೆ ಇಬ್ಬರು ಬೇರೆ ಬೇರೆ ಅಂಕ ಹಾಕಬೇಕು ಅಂತ ಮೇಷ್ಟ್ರು ಹೇಳಿದ್ದಾರೆ. ಆಗ ಮಾತ್ರ ನನ್ನ ಕೈಯ ಪಾಲು, ಅವುಗಳ ವಂಶದ ಪಾಲು ಬೇರೆಯಾಗೋದು. ಸಂಜೆ ಬಸ್ಸಿಗೇ ಹೊರಟರೂ ನಾನು ತಡೆಯಲ್ಲ. ನಿನ್ನ ಕೈಗವಸು ಒಗೆದಿಟ್ಟಿದ್ದೇನೆ.

ನಿನ್ನ ಬಾಯಿಬಡುಕಿ,
ಅಕ್ಕ

ಮರೆತಿದ್ದೆ: ಇಬ್ಬರಲ್ಲಿ ಒಬ್ಬಳು ನೀನೇ ಆಗಬೇಕು ಅಂತ ಮೇಷ್ಟ್ರು ಹೇಳಿರಲಿಲ್ಲ. ಪಕ್ಕದ ಕೇಂದ್ರದ ಪರೀಕ್ಷಕರು ನಿನ್ನೆಯೇ ಬಂದು ನನ್ನ ಜೊತೆ ನೋಡಿ ಹೋದರು. ಹನ್ನೊಂದಕ್ಕೂ ನಾಲ್ಕರ ಮೇಲೆ ಕೊಟ್ಟರು. ಮೇಲಿನವರೂ ಸಭೆಗೆ ಕಾಯದೆ ಫೋನಿನಲ್ಲೇ ಒಪ್ಪಿದ್ದಾರೆ, ರಾಣಿಯರಿಗೆ ಏನೂ ಆಗಲ್ಲ. ಕುತ್ತು ಅಂದರೆ ನೀನು ಬರುತ್ತೀಯ ಅಂತ ಹಾಗೆ ಬರೆದೆ. ಆದರೂ ಬಾ.